ಯಂತ್ರ ಗುಮಾಸ್ತನೂ ಧಣಿಯ ಹೊಣೆಯೂ

ಒಬ್ಬನೇ ಧಣಿ, ಆಳುಕಾಳಿಲ್ಲ; ಗೊತ್ತುಪಡಿಸಿದ ವೇಳೆಗೆ ಎಐ ಏಜೆಂಟುಗಳು ತಾವಾಗಿ ಎದ್ದು, ಬಂದ ಪತ್ರಗಳಿಗೆ ಉತ್ತರ ಬರೆದು, ಬಾಕಿದಾರರಿಗೆ ಬಿಲ್ಲು ಕಳುಹಿ, ದಿನವಹಿ ಲೆಕ್ಕವನ್ನು ಸರಿಪಡಿಸಿಡುವುವು. ಈ ಏರ್ಪಾಡನ್ನು ಹೊಸ ಉದ್ಯಮಸ್ಥರು ಬಹುವಾಗಿ ಕೊಂಡಾಡುತ್ತಿರುವರು. ವೇಳೆ ಗೊತ್ತುಮಾಡಿ ಗಣಕದಿಂದ ಕೆಲಸ ತೆಗೆಯುವುದು ಯುನಿಕ್ಸಿನಲ್ಲಿ 1970ರ ದಶಕದಿಂದಲೂ ಉಂಟು. ಆದರೆ ಅದು ಹೇಳಿದಷ್ಟನ್ನೇ ಮಾಡುತ್ತಿದ್ದಿತು. ಇದು ತಾನೇ ತೀರ್ಮಾನಿಸುವುದು. ನಮ್ಮ ಶಂಕೆಯಿರುವುದು ಇಲ್ಲಿಯೇ.

2025ರಲ್ಲಿ ಆಂಥ್ರೋಪಿಕ್ ಕಂಪೆನಿಯವರು ಸಾನ್‌ಫ್ರಾನ್ಸಿಸ್ಕೋದ ತಮ್ಮ ಕಚೇರಿಯೊಳಗಿನ ಪುಟ್ಟ ಅಂಗಡಿಯೊಂದನ್ನು ಸುಮಾರು ಒಂದು ತಿಂಗಳು ಕ್ಲಾಡ್ ಎಂಬ ತಮ್ಮ ಎಐಗೆ ಒಪ್ಪಿಸಿ ನೋಡಿದರು. ಗಿರಾಕಿಗಳು ಪುಸಲಾಯಿಸಿದಂತೆಲ್ಲ ಅದು ಸೋಡಿ ಕೊಟ್ಟಿತು. ಟಂಗ್‌ಸ್ಟನ್ ಲೋಹದ ಗಟ್ಟಿಗಳನ್ನು ಅಸಲಿಗಿಂತ ಕಡಮೆಗೆ ಮಾರಿತು. ಇಲ್ಲದ ಖಾತೆಗೆ ಹಣ ಕಟ್ಟಿರೆಂದು ಕೆಲಕಾಲ ಹೇಳಿತು. ಅಂಗಡಿಗೆ ನಷ್ಟವಾಯಿತು. ಇದನ್ನು ಪ್ರಕಟಿಸಿದವರು ಆ ಕಂಪೆನಿಯವರೇ.

ನಷ್ಟವನ್ನಾದರೂ ತುಂಬಿಕೊಳ್ಳಬಹುದು, ಕೊಟ್ಟ ಮಾತಿನ ಗತಿಯೇನು? ಬಂಧುವನ್ನು ಕಳೆದುಕೊಂಡ ಪ್ರಯಾಣಿಕರೊಬ್ಬರಿಗೆ ಏರ್ ಕೆನಡಾದ ಚಾಟ್‌ಬಾಟ್ ದರದ ರಿಯಾಯಿತಿಯ ವಿಷಯದಲ್ಲಿ ತಪ್ಪು ತಿಳಿವಳಿಕೆ ಕೊಟ್ಟಿದ್ದಿತು. ಅದರ ಮಾತಿಗೆ ಅದೇ ಹೊಣೆಯೆಂದು ವಾದಿಸಲು ಕಂಪೆನಿಯವರಿಗೆ ಸಂಕೋಚವಾಗಲಿಲ್ಲ! ಬ್ರಿಟಿಷ್ ಕೊಲಂಬಿಯದ ನ್ಯಾಯಮಂಡಲಿಯು 2024ರಲ್ಲಿ ಆ ವಾದವನ್ನು ತಳ್ಳಿಹಾಕಿ ಪರಿಹಾರ ಕೊಡಿಸಿತು.

ಒಬ್ಬಂಟಿ ಧಣಿಗೆ ವಕೀಲರ ದಂಡಿಲ್ಲ. ಪತ್ರಗಳ ಕರಡನ್ನೂ ದಾಸ್ತಾನಿನ ಲೆಕ್ಕವನ್ನೂ ಅವನು ಏಜೆಂಟಿಗೆ ಧಾರಾಳವಾಗಿ ಬಿಡಲಿ. ಹಣ ಕೊಡುವಲ್ಲಿಯೂ ಮಾತು ಕೊಡುವಲ್ಲಿಯೂ ತನ್ನ ಒಪ್ಪಿಗೆಯಿಲ್ಲದೆ ಏನೂ ಹೊರಗೆ ಹೋಗಕೂಡದೆಂದು ಕಟ್ಟುಮಾಡಲಿ. ಇದರಿಂದ ಬೆಳಗಿನ ನಿದ್ರೆಯಲ್ಲಿ ಅರ್ಧ ಗಂಟೆ ಕಡಮೆಯಾದೀತು.