ಗೊಂಬೆಚಿತ್ರಕ್ಕೆ ಎಂತಹ ಕ್ಯಾಮೆರಾ ಬೇಕು?

ಜಡವಾದ ಮಣ್ಣಿನ ಗೊಂಬೆಯನ್ನು ತುಸುತುಸುವೇ ಸರಿಸಿ, ಪ್ರತಿಸಲವೂ ಒಂದೊಂದು ಚಿತ್ರ ತೆಗೆದು, ಅವನ್ನು ಸಾಲಾಗಿ ಓಡಿಸಿ ಚಲನೆಯ ಭ್ರಮೆಯನ್ನು ಹುಟ್ಟಿಸುವ ಕಲೆಗೆ ಸ್ಟಾಪ್ ಮೋಷನ್ ಎಂದು ಹೆಸರು. ಮನೆಯಲ್ಲಿಯೇ ಇದನ್ನು ಕೈಗೊಳ್ಳಬಯಸುವ ವಿದ್ಯಾರ್ಥಿಗಳಿಗೆ ಬೆಲೆಬಾಳುವ ಕ್ಯಾಮೆರಾ ಇಲ್ಲವೆಂಬ ಕೊರಗೇ ಮೊದಲ ಅಡ್ಡಿಯಾಗುತ್ತಿದೆ. ಈ ಕೊರಗಿಗೆ ಆಧಾರವಿಲ್ಲ.

2005ರಲ್ಲಿ ತೆರೆಕಂಡ ‘ಕಾರ್ಪ್ಸ್ ಬ್ರೈಡ್’ ಎಂಬ ಪ್ರಸಿದ್ಧ ಗೊಂಬೆಚಿತ್ರವನ್ನು ಸ್ಥಿರಚಿತ್ರ ತೆಗೆಯುವ ಡಿಜಿಟಲ್ ಕ್ಯಾಮೆರಾಗಳಿಂದಲೇ ಚಿತ್ರೀಕರಿಸಲಾಯಿತು. ಚಲನಚಿತ್ರದ ಕ್ಯಾಮೆರಾ ಅನಿವಾರ್ಯವಲ್ಲವೆಂಬುದಕ್ಕೆ ಇದೇ ಸಾಕ್ಷಿ. ಸೆಕೆಂಡಿಗೆ 12ರಂತೆ ಒಂದು ನಿಮಿಷಕ್ಕೆ 720 ಚಿತ್ರಗಳು ಬೇಕಾಗುತ್ತವೆ. ಇವುಗಳ ನಡುವೆ ಕ್ಯಾಮೆರಾ ತಾನಾಗಿಯೇ ಬೆಳಕನ್ನು ಹೊಂದಿಸಿಕೊಳ್ಳತೊಡಗಿದರೆ ಪರದೆಯ ಮೇಲೆ ಚಿತ್ರವು ಮಿನುಗುತ್ತದೆ. ಆದುದರಿಂದ ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್‌ಗಳನ್ನು ಸ್ಥಿರವಾಗಿ ನಿಲ್ಲಿಸಲು ಬರುವ ಉಪಕರಣವೇ ಯೋಗ್ಯವಾದುದು. ಇಂದಿನ ಅನೇಕ ಫೋನುಗಳಲ್ಲಿಯೂ ಈ ಅನುಕೂಲವುಂಟು.

ತಂತ್ರಾಂಶದ ಮಾತೂ ಹೀಗೆಯೇ. ವೃತ್ತಿನಿರತರು ಬಳಸುವ ಡ್ರ್ಯಾಗನ್‌ಫ್ರೇಮ್ ಉತ್ತಮವಾದುದೇ ಸರಿ. ಆದರೆ ಫೋನಿನಲ್ಲಿ ನಡೆಯುವ ಸ್ಟಾಪ್ ಮೋಷನ್ ಸ್ಟುಡಿಯೊ ಆರಂಭಕ್ಕೆ ಸಾಕು. ಹಿಂದಿನ ಚಿತ್ರವನ್ನು ಹೊಸ ದೃಶ್ಯದ ಮೇಲೆ ಮಸುಕಾಗಿ ತೋರಿಸುವ ಗುಣವೊಂದು ಇರಲೇಬೇಕು. ಇಲ್ಲವಾದರೆ ಗೊಂಬೆಯನ್ನು ಎಷ್ಟು ಸರಿಸಿದೆವೆಂಬುದು ತಿಳಿಯದು.

ಕೈಯಲ್ಲಿರುವ ಹಣವು ಮೊದಲು ಗಟ್ಟಿಯಾದ ಟ್ರೈಪಾಡಿಗೂ ಎರಡು ದೀಪಗಳಿಗೂ ಸಲ್ಲಬೇಕು. ಬಿಸಿಲು ಗಳಿಗೆಗಳಿಗೆಗೆ ಬದಲಾಗುವುದರಿಂದ ಕಿಟಕಿಯನ್ನು ಮುಚ್ಚುವುದು ಲೇಸು.

ಪಾಲಕರು ಹೊಸ ಯಂತ್ರವನ್ನು ಕೊಡಿಸುವ ಮುನ್ನ ಮನೆಯ ಫೋನಿನಿಂದಲೇ ಒಂದು ನಿಮಿಷದ ಚಿತ್ರವನ್ನು ಮಕ್ಕಳಿಂದ ಪೂರ್ತಿಮಾಡಿಸಲಿ. 720 ಸಲ ಗೊಂಬೆಯನ್ನು ಸರಿಸಿದ ಮೇಲೆಯೂ ಉತ್ಸಾಹವು ಉಳಿದರೆ, ಆ ಕಾಯಕಕ್ಕೆ ತಕ್ಕ ಕ್ಯಾಮೆರಾವನ್ನು ಆಗ ಕೊಡಿಸುವುದು ಉಚಿತ.