ಸಾಲವಲ್ಲ, ಚಿಲ್ಲರೆ!

ಇಲ್ಲಿನ ಶಾಲೆಯಲ್ಲಿ ಚೌಕ, ಪಟ್ಟಿ ಕೊಟ್ಟು ದಶಾಂಶ ಕಲಿಸಿದರೆ ಅಪ್ಪ-ಅಮ್ಮಂದಿರಾದ ನಾವು ನಗುತ್ತೇವೆ: "ಬರೀ ಆಟ, ಲೆಕ್ಕ ಎಲ್ಲಿ?" ಮನೆಯಲ್ಲಿ ಅದೇ ಹಳೆಯ ಮಂತ್ರ: "ಪಕ್ಕದಿಂದ ಸಾಲ ತಗೋ." ಮಗು 3ರಲ್ಲಿ 1.25 ಕಳೆದು, 25ನ್ನು ಹಾಗೇ ಕೆಳಗಿಳಿಸಿ, 2.25 ಎನ್ನುತ್ತದೆ. ತೀರಿಸದ ಸಾಲ ಎಂಥ ಸಾಲ, ಸ್ವಾಮಿ?

ಮೇಜಿನ ಮೇಲೆ ಮೂರು ಡಾಲರ್ ಇಡೋಣ. ಒಂದಕ್ಕೆ ಹತ್ತು ಡೈಮ್ ಚಿಲ್ಲರೆ, ಅದರಲ್ಲೊಂದು ಡೈಮಿಗೆ ಹತ್ತು ಪೆನ್ನಿ. (ಚಲಾವಣೆಗೆ ಪೆನ್ನಿ ಅಚ್ಚು ಹಾಕುವುದು 2025ರಲ್ಲಿ ನಿಂತಿತು, ಡಬ್ಬಿಯಲ್ಲಿರುವುದೇ ಸಾಕು.) ಈಗ 1 ಡಾಲರ್, 2 ಡೈಮ್, 5 ಪೆನ್ನಿ ತೆಗೆಯಲಿ. ಉಳಿದ 1.75 ಅನ್ನು ಮಗುವೇ ಎಣಿಸುತ್ತದೆ.

1957ರಲ್ಲಿ ನಯಾಪೈಸೆ ಬಂದಾಗ ನಮ್ಮ ಹಿರಿಯರೂ ಅಂಗಡಿ ಮುಂದೆ ಚಿಲ್ಲರೆ ಎಣಿಸಿಯೇ ರೂಢಿಸಿಕೊಂಡರಲ್ಲವೆ? ಮುಂದಿನ ಕನ್ನಡ ತರಗತಿಗೆ ಒಂದು ಹಿಡಿ ಡೈಮ್ ತನ್ನಿ.