ಕಾಲುಚೀಲದ ಕುಣಿತ, ನಡುವಣ ಹಗ್ಗ

1950ರ ದಶಕದ ಅಮೆರಿಕದಲ್ಲಿ ಹರೆಯವನ್ನು ಕಳೆದವರು ತಮ್ಮ ಶಾಲೆಗಳ ವ್ಯಾಯಾಮಮಂದಿರಗಳಲ್ಲಿ ಜರುಗುತ್ತಿದ್ದ ನೃತ್ಯರಾತ್ರಿಗಳನ್ನು ಸ್ಮರಿಸುವಾಗ, ನುಣುಪಾದ ಮರದ ನೆಲಕ್ಕೆ ಗೀರು ಬೀಳದಿರಲೆಂದು ಪಾದರಕ್ಷೆಗಳನ್ನು ಕಳಚಿಸಿ ಬರಿಯ ಕಾಲುಚೀಲದಲ್ಲಿ ಕುಣಿಯಗೊಡುತ್ತಿದ್ದ ಆ ಮುಗ್ಧ ನಿಯಮವನ್ನು ತಪ್ಪದೆ ಹೇಳುವರು. ದೇವಾಲಯದ ಹೊರಗೆ ಚಪ್ಪಲಿ ಬಿಡುವ ನಮಗೆ ಇದರಲ್ಲಿ ಅತಿಶಯವೇನೂ ತೋರದು.

ಈ ಸ್ಮೃತಿ ಮಿಥ್ಯೆಯಲ್ಲ, ಆದರೆ ಅಪೂರ್ಣ. 1952ರ ಮಾರ್ಚ್ 21ರಂದು ಕ್ಲೀವ್‌ಲ್ಯಾಂಡಿನಲ್ಲಿ ರೇಡಿಯೋ ನಿರೂಪಕ ಅಲನ್ ಫ್ರೀಡ್ ಮುಂದಾಗಿ ನಡೆಸಿದ ನೃತ್ಯಕೂಟವು ಜನಸಂದಣಿಯ ನೂಕುನುಗ್ಗಲಿನಿಂದ ಆರಂಭದಲ್ಲಿಯೇ ನಿಂತುಹೋಯಿತು. ಆದರೆ ಆ ದಶಕದಲ್ಲಿ ಹಿರಿಯರನೇಕರನ್ನು ನಿಜವಾಗಿ ಕಂಗೆಡಿಸಿದ್ದು ಇಂಥ ಗದ್ದಲವಲ್ಲ, ಕಪ್ಪು ಜನರ ತಾಳಕ್ಕೆ ಬಿಳಿಯರ ಮಕ್ಕಳು ಹೆಜ್ಜೆಯಿಡುತ್ತಿದ್ದುದು. ದಕ್ಷಿಣದ ರಾಜ್ಯಗಳ ಎಷ್ಟೋ ಸಭಾಂಗಣಗಳಲ್ಲಿ ಒಂದೇ ಹಾಡಿಗೆ ಕುಣಿಯುವವರನ್ನು ವರ್ಣಾನುಸಾರವಾಗಿ ಬೇರ್ಪಡಿಸಲು ನಡುವೆ ಹಗ್ಗ ಕಟ್ಟುತ್ತಿದ್ದರು. 1957ರಲ್ಲಿ ಫ್ರೀಡನ ದೂರದರ್ಶನ ಕಾರ್ಯಕ್ರಮದಲ್ಲಿ ಕಪ್ಪು ವರ್ಣದ ಬಾಲಗಾಯಕ ಫ್ರ್ಯಾಂಕಿ ಲೈಮನ್ ಬಿಳಿಯ ಹುಡುಗಿಯೊಡನೆ ಕುಣಿದನೆಂಬ ಆಕ್ರೋಶದ ಬೆನ್ನಲ್ಲೇ ಆ ಕಾರ್ಯಕ್ರಮವೇ ರದ್ದಾಯಿತು.

ಅದೇ ವರ್ಷ ಆಗಸ್ಟಿನಲ್ಲಿ ಫಿಲಡೆಲ್ಫಿಯದಿಂದ ದೇಶಕ್ಕೆಲ್ಲ ಬಿತ್ತರಗೊಳ್ಳಲಾರಂಭಿಸಿದ, ಡಿಕ್ ಕ್ಲಾರ್ಕ್ ನಡೆಸುತ್ತಿದ್ದ ‘ಅಮೆರಿಕನ್ ಬ್ಯಾಂಡ್‌ಸ್ಟ್ಯಾಂಡ್’ ಕಪ್ಪು ಗಾಯಕರನ್ನು ಆದರದಿಂದ ಕರೆಯಿತು. ಆ ನಗರದ ಕಪ್ಪು ತರುಣರನ್ನು ಮಾತ್ರ ನೃತ್ಯದಂಗಳದಿಂದ ಬಹುಮಟ್ಟಿಗೆ ದೂರವಿಟ್ಟಿತು. ಹೆಜ್ಜೆಗಳನ್ನು ಕಲ್ಪಿಸಿದವರನ್ನೇ ಹೊರಗೆ ನಿಲ್ಲಿಸಿದ ಆ ಸಂಜೆಗಳನ್ನು ನಿಷ್ಕಪಟ ಕಾಲವೆಂದು ಕೊಂಡಾಡುವುದು ನನಗೆ ಒಪ್ಪಿಗೆಯಿಲ್ಲ.